ದೋಣಿಯಿಂದ ಕಂಡ ಕಾಶಿ

ಕಾಶಿಗೆ ಹೋಗಿ ಬಂದವರು ನಮ್ಮಲ್ಲಿ ಬಹುಮಂದಿ ಉಂಟು. ಆದರೆ ಆ ಊರಿನ ಕಟ್ಟಡಗಳ ಅಂದವನ್ನು ಕಂಡು ಬಂದವರು ಅಷ್ಟು ಮಂದಿ ಇರಲಾರರು. ಇದು ಯಾತ್ರಿಕರ ತಪ್ಪಲ್ಲ. ಅಲ್ಲಿಯ ಓಣಿಗಳು ಬಲು ಇಕ್ಕಟ್ಟು. ತಲೆಯೆತ್ತಿದರೆ ಒಂದು ಗೇಣು ಆಕಾಶ ಕಂಡೀತೇ ಹೊರತು ಮಹಲು ಕಾಣದು. ಕಾಶಿ ಊರಿನ ಕಡೆಗೆ ಬೆನ್ನು ಮಾಡಿ, ನದಿಯ ಕಡೆಗೆ ಮುಖ ಮಾಡಿ ಕುಳಿತ ಪಟ್ಟಣ. ಆದುದರಿಂದ ವಾಚಕರೇ, ನೀವು ಅಲ್ಲಿಗೆ ಹೋದಾಗ ಬೆಳಗಿನ ಜಾವ ದಕ್ಷಿಣ ತುದಿಯ ಅಸ್ಸೀಘಟ್ಟಕ್ಕೆ ಬಂದು ಒಂದು ದೋಣಿಯನ್ನು ಗೊತ್ತುಮಾಡಿಕೊಳ್ಳಿ.

ನಾನು ಹಾಗೆ ಮಾಡಿದುದಕ್ಕೆ ಒಂದು ಕಾರಣವಿತ್ತು. ನಾನು ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದೇನೆ. ಒಮ್ಮೆ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಭಾಗವೊಂದನ್ನು ವಿವರಿಸುತ್ತ ಹುಡುಗರಿಗೆ ಕಾಶಿಯ ಘಟ್ಟಗಳ ಚಿತ್ರವನ್ನು ತೋರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸಾರ್, ಹರಿಶ್ಚಂದ್ರ ಸುಡುಗಾಡು ಕಾದದ್ದು ಇದೇ ಮೆಟ್ಟಿಲ ಮೇಲೆಯಾ?” ಎಂದು ಕೇಳಿದ. “ಹೌದಪ್ಪ, ಇದೇ” ಎಂದುಬಿಟ್ಟೆ. ಆ ಉತ್ತರದ ಸತ್ಯಾಸತ್ಯವನ್ನು ತಿಳಿಯಲು ದೋಣಿ ಹತ್ತಬೇಕಾಯಿತು.

ಮೊದಲು ಆ ಸ್ಥಳದ ಸ್ವರೂಪವನ್ನು ಗಮನಿಸಬೇಕು. ಹಿಮಾಲಯದಿಂದ ಇಳಿದು ಪೂರ್ವಕ್ಕೆ ಹರಿಯುವ ಗಂಗೆ ಇಲ್ಲಿ ಬಿಲ್ಲಿನಂತೆ ಬಾಗಿ ಉತ್ತರಾಭಿಮುಖಳಾಗುತ್ತಾಳೆ. ಪಶ್ಚಿಮದ ದಡ ಸುಣ್ಣಕಲ್ಲಿನ ಹರಳು ಬೆರೆತ ಗಟ್ಟಿ ಮಣ್ಣಿನ ದಿಬ್ಬ. ಪೂರ್ವದ ದಡ ಬರಿಯ ಮರಳು, ಮಳೆಗಾಲದಲ್ಲಿ ಮುಳುಗುವ ನೆಲ. ಊರೆಲ್ಲ ಒಂದೇ ದಡದಲ್ಲಿ ನಿಂತು ಸೂರ್ಯೋದಯವನ್ನು ಇದಿರುಗೊಳ್ಳುವುದು ಇದರಿಂದಲೇ. ಅಸ್ಸಿಯಿಂದ ವರಣಾ ನದಿಯ ಸಂಗಮದವರೆಗೆ, ಆರೇಳು ಕಿಲೋಮೀಟರುಗಳ ಉದ್ದಕ್ಕೆ, ಸುಮಾರು 84 ಘಟ್ಟಗಳು ಸಾಲಾಗಿ ನಿಂತಿವೆ.

ಈ ಕಟ್ಟಡಗಳ ನಿಜವಾದ ಶಿಲ್ಪಿ ಪ್ರವಾಹವೆಂದರೂ ಸಲ್ಲುತ್ತದೆ. ಕಾಶಿಯಲ್ಲಿ ಗಂಗೆಯ ಅಪಾಯದ ಮಟ್ಟ ಸಮುದ್ರಮಟ್ಟದಿಂದ 71.262 ಮೀಟರು, 1978ರ ಸೆಪ್ಟೆಂಬರಿನಲ್ಲಿ ನೀರು 73.901 ಮೀಟರಿಗೆ ಏರಿತು. ಇಂಥ ನದಿಯ ಇದಿರು ಮನೆ ಕಟ್ಟುವವನು ಕೆಳಗಡೆ ಕಿಟಕಿ ಇಡಲಾರ. ಅದಕ್ಕಾಗಿಯೇ ಮಹಲುಗಳ ಕೆಳಭಾಗವೆಲ್ಲ ಕೋಟೆಯಂತೆ ಬೋಳು ಗೋಡೆ. ಸೆಳವನ್ನು ತಡೆಯಲು ದಪ್ಪ ಬುರುಜುಗಳು. ಪ್ರವಾಹ ಮುಟ್ಟದ ಎತ್ತರದಲ್ಲಿ ಕಂಬಸಾಲು, ಮೊಗಸಾಲೆ, ಕೆತ್ತನೆಯ ಗವಾಕ್ಷಗಳು. ಕಲ್ಲು ಬಂದದ್ದು ನದಿಯ ಮೇಲುಗಡೆಯ ಚುನಾರದ ಗಣಿಗಳಿಂದ. ಸಾರನಾಥದ ಅಶೋಕಸ್ತಂಭವೂ ಚುನಾರದ ಕಲ್ಲೇ.

ಅಂಬಿಗನು ಹುಟ್ಟು ಹಾಕತೊಡಗಿದರೆ ಸ್ವಲ್ಪ ಹೊತ್ತಿಗೆ ಚೇತಸಿಂಹನ ಕೋಟೆ ಎದುರಾಗುತ್ತದೆ. 1781ರ ಆಗಸ್ಟಿನಲ್ಲಿ ವಾರನ್ ಹೇಸ್ಟಿಂಗ್ಸ್ ಈ ಕಾಶೀರಾಜನನ್ನು ಇಲ್ಲಿಯೇ ಸೆರೆಯಲ್ಲಿಟ್ಟ. ರಾಜನು ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ನದಿಗೆ ಇಳಿದು ದೋಣಿಯಲ್ಲಿ ಪಾರಾದ. ಆ ಗೋಡೆಯ ಎತ್ತರವನ್ನು ನೀರಿನ ಮೇಲಿನಿಂದ ನೋಡಿದರೇ ಆ ಸಾಹಸದ ಅಳತೆ ಸಿಕ್ಕುವುದು.

ಮುಂದೆ ಹರಿಶ್ಚಂದ್ರಘಟ್ಟ. ಚಿತೆಯ ಹೊಗೆ ದೂರದಿಂದಲೇ ಕಾಣುತ್ತದೆ. ಅದರ ಮಗ್ಗುಲಲ್ಲಿಯೇ ಮೈಸೂರು ಸಂಸ್ಥಾನದವರು 20ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಘಟ್ಟವಿದೆ. ಕನ್ನಡಿಗನಿಗೆ ಅಲ್ಲಿ ಹೃದಯ ತುಂಬಿ ಬಾರದೆ ಇರದು. ನಾನೂ ಕೈಮುಗಿದೆ. ಆದರೆ ಮುಂದೆ ಸಾಗುತ್ತ ಒಂದೊಂದು ಘಟ್ಟದ ಕಾಲವನ್ನು ಲೆಕ್ಕ ಹಾಕತೊಡಗಿದಂತೆ ನನ್ನ ಹಳೆಯ ಉತ್ತರ ಅಲುಗಾಡತೊಡಗಿತು.

ಕಂಬಸಾಲುಗಳಿಂದ ಮೆರೆಯುವ ಮುನ್ಶೀಘಟ್ಟವನ್ನು 1812ರಲ್ಲಿ ಕಟ್ಟಿಸಿದವನು ನಾಗಪುರದ ಮಂತ್ರಿ ಶ್ರೀಧರ ನಾರಾಯಣ. ಅದರಾಚೆಗೆ ಇಂದೂರಿನ ಅಹಲ್ಯಾಬಾಯಿ ಹೋಳ್ಕರಳ ಹೆಸರಿನ ಘಟ್ಟ. 1669ರಲ್ಲಿ ಔರಂಗಜೇಬನ ಆಜ್ಞೆಯಿಂದ ಕೆಡವಲಾದ ವಿಶ್ವನಾಥ ದೇವಾಲಯವನ್ನು 1780ರಲ್ಲಿ ಮತ್ತೆ ಕಟ್ಟಿಸಿದವಳೂ ಈ ಮಹಾತಾಯಿಯೇ. ಮಾನಮಂದಿರವನ್ನು ಅಂಬೇರದ ರಾಜಾ ಮಾನಸಿಂಹನು ಸುಮಾರು 1600ರಲ್ಲಿ ಕಟ್ಟಿಸಿದ. ಅದರ ಮಾಳಿಗೆಯ ಮೇಲಿನ ವೇಧಶಾಲೆ 18ನೆಯ ಶತಮಾನದ ಸವಾಯಿ ಜಯಸಿಂಹನದು. ಲಲಿತಾಘಟ್ಟದ ಮೇಲಿನ ಮರದ ದೇವಾಲಯ, ದೇಶಭ್ರಷ್ಟನಾಗಿ ಕಾಶಿಯಲ್ಲಿದ್ದ ನೇಪಾಳದ ರಾಣಾ ಬಹಾದುರ್ ಶಹನು ತೊಡಗಿಸಿದುದು. ಅದೇ ಘಟ್ಟದಿಂದ ವಿಶ್ವನಾಥನ ಗುಡಿಗೆ ವಿಶಾಲವಾದ ಹೊಸ ಹಾದಿ ತೆರೆದದ್ದು 2021ರ ಡಿಸೆಂಬರಿನಲ್ಲಿ. ಅದಕ್ಕಾಗಿ ಹಳೆಯ ಮನೆಗಳನೇಕವನ್ನು ತೆಗೆಯಬೇಕಾಯಿತು.

ಮಣಿಕರ್ಣಿಕೆಯ ಉರಿಯನ್ನು ದಾಟಿದರೆ ಸಿಂಧಿಯಾಘಟ್ಟ. 1830ರ ಸುಮಾರಿನಲ್ಲಿ ಗ್ವಾಲಿಯರಿನ ಬೈಜಾಬಾಯಿ ಕಟ್ಟಿಸಿದ ಈ ಘಟ್ಟ ತನ್ನ ಭಾರಕ್ಕೆ ತಾನೇ ಕುಸಿಯಿತು. 20ನೆಯ ಶತಮಾನದಲ್ಲಿ ಅದನ್ನು ಮತ್ತೆ ಕಟ್ಟಿದರು. ನೀರಿನಂಚಿನಲ್ಲಿ ಓರೆಯಾಗಿ ನಿಂತಿರುವ ರತ್ನೇಶ್ವರನ ಗುಡಿಯನ್ನು ತಪ್ಪದೆ ನೋಡಿ. ಅದರ ಗರ್ಭಗೃಹ ವರ್ಷದಲ್ಲಿ ಹಲವು ತಿಂಗಳು ನೀರಿನೊಳಗೇ ಇರುತ್ತದೆ. ಪಂಚಗಂಗಾಘಟ್ಟದ ಮೇಲೆ ಬಿಂದುಮಾಧವನ ಹಳೆಯ ಗುಡಿಯಿದ್ದ ತಾಣದಲ್ಲಿ ಔರಂಗಜೇಬನ ಕಾಲದ ಮಸೀದಿ ಇದೆ. ಅದರ ಎತ್ತರವಾದ ಮಿನಾರುಗಳನ್ನು ಕಾಶಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ದುರಸ್ತಿ ಮಾಡಿಸಿದ. ಅಶೋಕನ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಓದಿದ ವಿದ್ವಾಂಸ ಇವನೇ. ಆ ಮಿನಾರುಗಳಲ್ಲಿ ಒಂದು 1948ರಲ್ಲಿ ಬಿತ್ತು. ಇನ್ನೊಂದನ್ನು ಅಪಾಯವೆಂದು ಆಮೇಲೆ ಇಳಿಸಿದರು.

ಇಷ್ಟಕ್ಕೆ ಲೆಕ್ಕ ಮುಗಿಯಿತು. ಕಣ್ಣಿಗೆ ಬಿದ್ದ ಕಲ್ಲುಕಟ್ಟಡಗಳಲ್ಲಿ ಹೆಚ್ಚಿನವು 18 ಮತ್ತು 19ನೆಯ ಶತಮಾನಗಳವು. ಕಟ್ಟಿಸಿದವರಲ್ಲಿ ಬಹುಮಂದಿ ಮರಾಠರು, ರಜಪೂತರು, ಮತ್ತಿತರ ದೂರದ ನಾಡಿನವರು. ಹಾಗಾದರೆ ಅತಿ ಪ್ರಾಚೀನವೆನ್ನುವ ಕಾಶಿ ಎಲ್ಲಿ?

ಅಂಬಿಗನು ಇನ್ನೂ ಮುಂದಕ್ಕೆ, 1887ರಲ್ಲಿ ತೆರೆದ ಕಬ್ಬಿಣದ ಸೇತುವೆಯವರೆಗೆ ಒಯ್ದ. ಮಾಳವೀಯರ ಹೆಸರು ಹೊತ್ತ ಆ ಸೇತುವೆಯ ಬಳಿ ರಾಜಘಾಟದ ದಿಬ್ಬವಿದೆ. ಅಲ್ಲಿ ಮಹಲಿಲ್ಲ, ಬುರುಜಿಲ್ಲ. ಪ್ರವಾಸಿಗಳು ಅತ್ತ ನೋಡುವುದೂ ಅಪರೂಪ. 1940ರಲ್ಲಿ ರೈಲ್ವೆಯವರು ನೆಲ ಅಗೆಯುವಾಗ ಹಳೆಯ ಪಟ್ಟಣದ ಅವಶೇಷಗಳು ಹೊರಬಿದ್ದವು. ಮುಂದೆ ಕಾಶೀ ಹಿಂದೂ ವಿಶ್ವವಿದ್ಯಾನಿಲಯದವರು ಉತ್ಖನನ ನಡೆಸಿದಾಗ ಕ್ರಿಸ್ತಪೂರ್ವ 8ನೆಯ ಶತಮಾನದ ಸುಮಾರಿನ ವಸತಿಯ ಕುರುಹುಗಳು ದೊರೆತವು. ಊರು ಈ ಉತ್ತರ ತುದಿಯಲ್ಲಿ ಹುಟ್ಟಿ ದಕ್ಷಿಣಕ್ಕೆ ಬೆಳೆಯಿತು. ನಾನು ಹೊಸದರಿಂದ ಹೊರಟು ಹಳೆಯದಕ್ಕೆ ಬಂದು ಮುಟ್ಟಿದ್ದೆ. ಗಾಹಡವಾಲ ಅರಸರು ದಾನಶಾಸನ ಬರೆಯಿಸುವ ಮುನ್ನ ಸ್ನಾನ ಮಾಡುತ್ತಿದ್ದ ಆದಿಕೇಶವದ ತಾಣ ಇದರ ಮುಂದೆಯೇ ಇದೆ. 1194ರಲ್ಲಿ ಗೋರಿಯ ಸೈನ್ಯ ಅವರ ಪಟ್ಟಣವನ್ನು ಹಾಳುಗೆಡವಿತು.

ಅಲ್ಲಿ ದೋಣಿಯಲ್ಲಿ ಕುಳಿತಾಗ ನನಗೊಂದು ವಿಚಾರ ಹೊಳೆಯಿತು. ರಾಘವಾಂಕನು 13ನೆಯ ಶತಮಾನದ ಆದಿಭಾಗದವನೆಂದು ವಿದ್ವಾಂಸರ ಎಣಿಕೆ. ಎಂದಮೇಲೆ ಮಗ್ಗುಲಿನ ಮೈಸೂರಿನವರ ಮೆಟ್ಟಿಲುಗಳಿಗಿಂತ ನಮ್ಮ ಕಾವ್ಯ ಆರೇಳು ನೂರು ವರ್ಷ ಹಳೆಯದು! ಕಥೆ ಮೊದಲು ಬಂತು, ಕಲ್ಲು ಆಮೇಲೆ. ಕಥೆಯ ಮೇಲಣ ನಂಬಿಕೆಯಿಂದ ಎಲ್ಲೆಲ್ಲಿಯವರೋ ಬಂದು, ಕೆಡೆದಷ್ಟು ಸಲವೂ ಕುಸಿದಷ್ಟು ಸಲವೂ ಮತ್ತೆ ಕಟ್ಟಿದರು.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಯಾವ ಊರಿನಲ್ಲಿ ಯಾವ ಕೆಲಸದಲ್ಲಿರುವನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಅವನಿಗೆ ಹೇಳಬೇಕಾದುದು ಇಷ್ಟೆ: ಅಲ್ಲಪ್ಪ, ಆ ಮೆಟ್ಟಿಲುಗಳು ಹರಿಶ್ಚಂದ್ರನ ಕಾಲದವಲ್ಲ, ಮೇಷ್ಟರು ತಪ್ಪು ಹೇಳಿದರು. ಒಮ್ಮೆ ದೋಣಿಯಲ್ಲಿ ಹೋಗಿ ನೀನೇ ನೋಡಿ ಬಾ. ರಾಜಘಾಟದವರೆಗೂ ಹೋಗು, ಮಧ್ಯದಲ್ಲಿ ಇಳಿಯಬೇಡ.