ಬೊಡ್ಡೆಯಿಲ್ಲದೆ ಬದುಕಿದ ಆಲದ ಮರ

ಕೆರೆಯ ದಂಡೆಯಲ್ಲಿ ಮರ ಬೆಳೆಸುವುದು ನಮ್ಮವರ ಹಳೆಯ ವಾಡಿಕೆ. ಆದರೆ ನೀರಿನ ನೆರೆಯಿಂದ ಮರಕ್ಕೆ ಉಪಕಾರವೊಂದೇ ಆಗುವುದಿಲ್ಲ. ಸದಾ ನೆನೆದ ಮಣ್ಣಿನಲ್ಲಿ ಗಾಳಿಯಾಡದು. ಬೇರುಗಳು ಆಳಕ್ಕಿಳಿಯದೆ ಮೇಲ್ಪದರದಲ್ಲೇ ಹರಡುತ್ತವೆ. ಬಿರುಗಾಳಿ ಬಂದಾಗ ಮೆತ್ತನೆಯ ನೆಲ ಹಿಡಿತ ಸಡಿಲಿಸುತ್ತದೆ. ಇಂಥ ಜಾಗದಲ್ಲಿ ಮುದಿಮರವನ್ನು ಉಳಿಸಿಕೊಳ್ಳುವುದು ಹೇಗೆಂಬುದನ್ನು ಹೂಗ್ಲಿ ನದಿಯ ದಡದಲ್ಲಿರುವ ಶಿಬಪುರದ ಸಸ್ಯೋದ್ಯಾನದ ಚರಿತ್ರೆಯಿಂದ ತಿಳಿಯಬಹುದು.

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ರಾಬರ್ಟ್ ಕಿಡ್ 1787ರಲ್ಲಿ ಈ ತೋಟಕ್ಕೆ ನಾಂದಿ ಹಾಕಿದ. ಹಡಗು ಕಟ್ಟಲು ತೇಗ ಬೆಳೆಯಬೇಕೆಂಬುದು ಆಗಿನ ಆಸೆಗಳಲ್ಲೊಂದು. ಬಂಗಾಳದ ಆ ತಗ್ಗು ನೆಲದಲ್ಲಿ ಅದು ಕೈಗೂಡಲಿಲ್ಲ. 1864 ಮತ್ತು 1867ರ ಚಂಡಮಾರುತಗಳು ತೋಟದ ಮರಗಳನ್ನು ಬಹುವಾಗಿ ಉರುಳಿಸಿದವು. 1871ರಲ್ಲಿ ಅಧಿಕಾರ ವಹಿಸಿಕೊಂಡ ಜಾರ್ಜ್ ಕಿಂಗ್ ತೋಟಕ್ಕೆ ಹೊಸ ರೂಪ ಕೊಟ್ಟ. ಕೊಳಗಳನ್ನು ತೋಡಿಸಿ, ತಗ್ಗಾದ ನೆಲವನ್ನು ಎತ್ತರಿಸಿದ. ಇಂದು ಅಲ್ಲಿರುವ 24 ಕೊಳಗಳು ಒಂದಕ್ಕೊಂದು ಕೂಡಿಕೊಂಡು, ಹೂಗ್ಲಿಯೊಡನೆಯೂ ಸಂಪರ್ಕ ಪಡೆದಿವೆ.

ಆ ತೋಟದ ಹಿರಿಯ ಮರವೆಂದರೆ ಸುಮಾರು 250 ವರ್ಷದ ಆಲ. ಚಂಡಮಾರುತಕ್ಕೆ ಕೊಂಬೆಗಳು ಮುರಿದಾಗ ಆ ಗಾಯಗಳ ಮೂಲಕ ಶಿಲೀಂಧ್ರ ಒಳಹೊಕ್ಕಿತು. ಕೊಳೆತ ಮೂಲ ಬೊಡ್ಡೆಯನ್ನು 1925ರಲ್ಲಿ ತೆಗೆದುಹಾಕಲಾಯಿತು. ಉಳಿದ ಮರಕ್ಕೆ ರೋಗ ಹರಡದಿರಲೆಂದು ಮಾಡಿದ ಕೆಲಸವದು. ಬೊಡ್ಡೆ ಹೋದರೂ ಮರ ಸಾಯಲಿಲ್ಲ. ನೆಲಕ್ಕಿಳಿದ ಬಿಳಲುಗಳೇ ಕಂಬಗಳಾಗಿ ನಿಂತವು. ಅವು ಈಗ ಸಾವಿರಗಟ್ಟಲೆ ಇವೆ. ಸುತ್ತಲೂ ಹಾಕಿದ್ದ 330 ಮೀಟರಿನ ರಸ್ತೆಯನ್ನೂ ದಾಟಿ ಮರ ಹಬ್ಬಿದೆ. 2020ರ ಮೇ ತಿಂಗಳ ಅಂಫಾನ್ ಚಂಡಮಾರುತದಲ್ಲಿ ಪೆಟ್ಟು ತಿಂದರೂ ಉಳಿದುಕೊಂಡಿತು.

ಬೆಂಗಳೂರಿನ ಬಳಿ ರಾಮೋಹಳ್ಳಿಯ ದೊಡ್ಡ ಆಲದ ಮರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅದರ ಮೂಲ ಬೊಡ್ಡೆಯೂ ರೋಗದಿಂದ ಹೋಯಿತು; ಅಲ್ಲಿಯೂ ಬಿಳಲುಗಳೇ ಮರವನ್ನು ಹೊತ್ತಿವೆ.

ಆದರೆ ಮಾವು, ಮಳೆಮರ ಮುಂತಾದವಕ್ಕೆ ಈ ಭಾಗ್ಯವಿಲ್ಲ. ಅವುಗಳಿಗೆ ಬೊಡ್ಡೆಯೊಂದೇ ಆಧಾರ. ಆದ್ದರಿಂದ ಅವುಗಳ ವಿಷಯದಲ್ಲಿ ಮೊದಲೇ ಎಚ್ಚರ ಬೇಕು. ಮಳೆಗಾಲಕ್ಕೆ ಮುನ್ನ ಬುಡದಲ್ಲಿ ಅಣಬೆ ಎದ್ದಿದೆಯೇ, ನೆಲ ಬಿರಿದು ಮರ ವಾಲಿದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಒಣಗಿದ ಕೊಂಬೆಯನ್ನಷ್ಟೇ ತೆಗೆಸಬೇಕು. ಬುಡದವರೆಗೆ ಸಿಮೆಂಟು ಬಳಿಯುವುದು, ವಾಹನ ನಿಲ್ಲಿಸಲೆಂದು ಬೇರು ಕಡಿಯುವುದು ಮರವನ್ನು ನಾವೇ ಅಪಾಯಕಾರಿಯನ್ನಾಗಿ ಮಾಡಿದಂತೆ.

ಮುಂಬಯಿ, ಪುಣೆಯ ನಮ್ಮವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಗರದ ಮರಗಳ ರಕ್ಷಣೆಗೆಂದು ಮಹಾರಾಷ್ಟ್ರದಲ್ಲಿ 1975ರಲ್ಲೇ ಕಾಯಿದೆಯಾಯಿತು. 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ ಮರ ಪರಂಪರೆಯ ಮರವೆನಿಸಿಕೊಳ್ಳುತ್ತದೆ. ನಾವಿರುವ ವಸತಿ ಸಂಘದ ಅಂಗಳದ ಮರಕ್ಕೂ ಆ ವಯಸ್ಸಾಗಿರಬಹುದು. ಸಭೆಯಲ್ಲಿ ಯಾರಾದರೂ ‘ಕಡಿಸಿಬಿಡೋಣ’ ಎಂದಾಗ, ಮರದ ಯಾವ ಭಾಗ ಕೆಟ್ಟಿದೆ ಎಂದು ಮೊದಲು ಕೇಳೋಣ. ಶಿಬಪುರದವರು 1925ರಲ್ಲಿ ಅದನ್ನು ಕೇಳಿಕೊಂಡದ್ದರಿಂದಲೇ ಆ ಆಲ ಇಂದಿಗೂ ನೆರಳು ಕೊಡುತ್ತಿದೆ.