ಶ್ವಾನನಾಮಗಳಲ್ಲಿ ವರ್ಣ

ಸಾಕಿದ ನಾಯಿಗೆ ಅದರ ಮೈಬಣ್ಣವನ್ನು ನೋಡಿ ಹೆಸರಿಡುವ ರೂಢಿಯು ನಮ್ಮ ದೇಶದಲ್ಲಿ ಎಷ್ಟು ಪುರಾತನವಾದುದೆಂಬುದನ್ನು ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ. ಹಳ್ಳಿಗಳಲ್ಲಿ ‘ಕರಿಯ’, ‘ಕೆಂಚ’ ಎಂದು ನಾಯಿಯನ್ನು ಕೂಗುವುದನ್ನು ಕೇಳಿ, ಇದು ಹೆಸರು ಹುಡುಕಲು ಬೇಸರಪಟ್ಟವರ ಕೆಲಸವೆಂದು ವಿದ್ಯಾವಂತರು ನಗುವುದುಂಟು. ಅವರ ಮನೆಯ ಮಕ್ಕಳೇ ಕಂದುಬಣ್ಣದ ಮರಿಯನ್ನು ‘ಬ್ರೌನಿ’ ಎಂದು ಕರೆದರೆ ಮಾತ್ರ ಅದು ನಾಗರಿಕವಾದ ಹೆಸರಾಗುವುದು! ನಾಮಕರಣದ ರೀತಿಯಲ್ಲಿ ಎರಡಕ್ಕೂ ಭೇದವೇನೂ ಇಲ್ಲ. ವಿಚಾರಾರ್ಹವಾದ ಪ್ರಶ್ನೆ ಬೇರೊಂದಿರುವುದು: ಬಣ್ಣವನ್ನು ಹೇಳುವ ಮಾತು ಯಾವ ಘಳಿಗೆಯಲ್ಲಿ ಒಂದು ಪ್ರಾಣಿಯ ಸ್ವಂತ ಹೆಸರಾಗುವುದು?

ಶಬ್ದಗಳ ಪ್ರವೃತ್ತಿಯು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿರುವನು. ನಾಯಿ ಎಂಬುದು ಜಾತಿಶಬ್ದ. ಬಿಳಿದು, ಕರಿದು ಎಂಬವು ಗುಣಶಬ್ದಗಳು. ಡಿತ್ಥನೆಂಬಂತೆ ಕರೆಯುವವನ ಇಚ್ಛೆಯೊಂದನ್ನೇ ಆಶ್ರಯಿಸಿದ ಹೆಸರು ಯದೃಚ್ಛಾಶಬ್ದ. ಬಣ್ಣದಿಂದ ಬಂದ ಹೆಸರು ಗುಣದಲ್ಲಿ ಹುಟ್ಟಿ ಯದೃಚ್ಛೆಯಲ್ಲಿ ನೆಲೆಗೊಳ್ಳುವುದು. ಈ ಸಂಕ್ರಮಣವು ನಡೆದ ಬಗೆಯನ್ನು ವೇದಗಳಲ್ಲಿಯೇ ಕಾಣಬಹುದಾಗಿದೆ.

ಪಣಿಗಳು ಬಚ್ಚಿಟ್ಟ ಗೋವುಗಳನ್ನರಸಲು ಇಂದ್ರನ ದೂತಿಯಾಗಿ ಹೋದ ಸರಮೆಯ ಕಥೆ ವಾಚಕರಿಗೆ ಸುವಿದಿತವೇ ಸರಿ. ಅವಳ ಹೆಸರನ್ನು ಯಾಸ್ಕನು ಸರಣದಿಂದ, ಎಂದರೆ ಓಟದಿಂದ, ಬಂದುದೆಂದು ನಿರ್ವಚಿಸಿರುವನು. ಆದಕಾರಣ ತಾಯಿಯದು ಕ್ರಿಯಾಮೂಲವಾದ ನಾಮ. ಸಂತತಿಯ ಪಾಲಿಗೆ ಬಂದುದಾದರೋ ಬಣ್ಣ. ಋಗ್ವೇದದ ಏಳನೆಯ ಮಂಡಲದ 55ನೆಯ ಸೂಕ್ತದಲ್ಲಿ ಸಾರಮೇಯನನ್ನು ‘ಅರ್ಜುನ’ ಎಂದೂ ‘ಪಿಶಂಗ’ ಎಂದೂ ಸಂಬೋಧಿಸಲಾಗಿದೆ. ಬಿಳಿಯನೇ, ಕಪಿಲವರ್ಣದವನೇ ಎಂದಷ್ಟೇ ಇದರ ತಾತ್ಪರ್ಯ. ಇನ್ನೂ ಹೆಸರಲ್ಲ, ಆದರೂ ಕೂಗಾಗಿದೆ. ಹತ್ತನೆಯ ಮಂಡಲದ 14ನೆಯ ಸೂಕ್ತಕ್ಕೆ ಬಂದರೆ, ಯಮನ ದಾರಿಯನ್ನು ಕಾಯುವ ನಾಲ್ಕು ಕಣ್ಣಿನ ನಾಯಿಗಳೆರಡಕ್ಕೂ ದ್ವಿವಚನದಲ್ಲಿ ‘ಶಬಲ’ ಎಂಬ ಒಂದೇ ವಿಶೇಷಣವಿದೆ. ಶಬಲವೆಂದರೆ ಹಂಡಬಂಡ ಬಣ್ಣದ್ದು; ಅಮರಕೋಶದಲ್ಲಿ ಇದು ಕಿರ್ಮೀರ, ಕಲ್ಮಾಷಗಳೊಡನೆ ಪಠಿತವಾಗಿದೆ. ಅಥರ್ವವೇದದ ಎಂಟನೆಯ ಕಾಂಡದ ಮೊದಲನೆಯ ಸೂಕ್ತದಲ್ಲಾದರೋ ಆ ಜೋಡಿಯು ಬೇರ್ಪಟ್ಟು, ಒಂದು ಶ್ಯಾಮವೂ ಇನ್ನೊಂದು ಶಬಲವೂ ಆಗಿರುವುವು. ಇಬ್ಬರಿಗೂ ಸಮಾನವಾಗಿದ್ದ ಗುಣವು ಒಬ್ಬನ ಸೊತ್ತಾದೊಡನೆ ವಿಶೇಷಣವು ನಾಮವಾಯಿತು. ಮುಂದೆ ಕೌಷೀತಕಿ ಬ್ರಾಹ್ಮಣವು ಶಬಲನೆಂದರೆ ಹಗಲು, ಶ್ಯಾಮನೆಂದರೆ ರಾತ್ರಿ ಎಂದು ಅರ್ಥವಿಸಿತು. ಯವನರ ಪಾತಾಳದ ಕಾವಲುನಾಯಿ ಕೆರ್ಬೆರೋಸನ ಹೆಸರನ್ನು ಶಬಲಶಬ್ದದೊಡನೆ ಬೆಸೆಯುವ ಯತ್ನವನ್ನು 19ನೆಯ ಶತಮಾನದ ಭಾಷಾಪಂಡಿತರು ಮಾಡಿದರು. ಕಿವಿಗೆ ಇಂಪಾದ ಊಹೆಯಾದರೂ ಧ್ವನಿನಿಯಮಗಳು ಅದಕ್ಕೆ ಸುಲಭವಾಗಿ ಒಪ್ಪವು.

ಪಶ್ಚಿಮದವರಲ್ಲಿಯೂ ಈ ರೂಢಿ ಇದ್ದಿತು. ರೋಮಿನ ಕವಿ ಓವಿಡನು ಹೇಳುವ ಆಕ್ಟಿಯಾನನ ಬೇಟೆನಾಯಿಗಳಲ್ಲಿ ಲ್ಯೂಕಾನನು ಬಿಳಿಯ, ಆಸ್ಬೊಲಸನು ಮಸಿಯ ಬಣ್ಣದವನು. ಕ್ರಿಸ್ತಶಕ ಮೊದಲನೆಯ ಶತಮಾನದ ಕೃಷಿಗ್ರಂಥಕಾರ ಕೊಲುಮೆಲನು, ಮುಂಬೆಳಗಿನ ಮಬ್ಬಿನಲ್ಲಿ ತೋಳವೆಂದು ಭ್ರಮಿಸಿ ಹೊಡೆಯದಿರುವಂತೆ ಕುರುಬನ ನಾಯಿ ಬಿಳಿದಾಗಿರಲೆಂದೂ, ಕಳ್ಳನಿಗೆ ಭಯವಾಗುವಂತೆ ಮನೆಯ ನಾಯಿ ಕರಿದಾಗಿರಲೆಂದೂ ವಿಧಿಸಿ, ಹೆಸರು ತೀರ ಉದ್ದವಾಗದೆಯೂ ಎರಡು ಅಕ್ಷರಕ್ಕೆ ಕಡಮೆಯಾಗದೆಯೂ ಇರಬೇಕೆನ್ನುವನು. ನಮ್ಮ ಶ್ಯಾಮನು ಈ ಪರೀಕ್ಷೆಯಲ್ಲಿ ಉತ್ತೀರ್ಣನು.

ಕನ್ನಡನಾಡಿನಲ್ಲಿಯೂ ಎರಡಕ್ಷರದ ಹೆಸರಿನ ನಾಯಿಯೊಂದು ಕಲ್ಲಿನಲ್ಲಿ ಅಮರವಾಗಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಆ ಶಿಲೆಯ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ಗಂಗರ ಬೂತುಗನು 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಭಟನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ದೊರೆಗೆ ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳು ಬಂದಿದ್ದ ಸಮಯವದು. ಭಟನು ಬೇಡಿದುದು ದೊರೆಯ ಬೇಟೆನಾಯಿ ‘ಕಾಳಿ’ಯನ್ನು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ‘ಆ ಕರಿಯ ನಾಯಿಯನ್ನು ಕೊಡು’ ಎಂದು ಅವನು ಕೇಳಲಿಲ್ಲ. ಹೆಸರು ಹಿಡಿದು ಕೇಳಿದನು. ಕಾಳಿ ಎಂಬುದು ದೇವಿಯ ಹೆಸರಲ್ಲವೇ, ಬಣ್ಣವೆಂದು ಹೇಗೆ ಹೇಳುವುದು ಎಂದು ಯಾರಾದರೂ ಆಕ್ಷೇಪಿಸಬಹುದು. ಶಾಸನವು ನಾಯಿಯ ಮೈಬಣ್ಣವನ್ನು ವರ್ಣಿಸುವುದಿಲ್ಲವೆಂಬುದು ನಿಜ. ಆದರೆ ಪಾಣಿನಿಯ ಸ್ತ್ರೀಪ್ರತ್ಯಯವಿಧಿಯಂತೆ ಕಾಲಶಬ್ದವು ವರ್ಣವಾಚಕವಾದಾಗಲೇ ‘ಕಾಲೀ’ ಎಂದಾಗುವುದು, ಇತರತ್ರ ‘ಕಾಲಾ’ ಎಂದೇ ಉಳಿಯುವುದು. ಹೀಗಿರುವಲ್ಲಿ, ದೇವಿಯ ಹೆಸರನ್ನು ಇಟ್ಟರೆಂದರೂ ಆ ಹೆಸರೇ ಬಣ್ಣದಿಂದ ಬಂದುದು. ಬೂತುಗನ ಮನೆಯಲ್ಲಿ ನಾಯಿಯ ಬೆನ್ನು ನೋಡಿ ಹೆಸರಿಟ್ಟರೋ ದೇವಿಯನ್ನು ನೆನೆದು ಇಟ್ಟರೋ, ಕಪ್ಪೆಂಬ ಗುಣವನ್ನು ದಾಟಿಯೇ ಬರಬೇಕು. ನನಗಂತೂ ಬೆನ್ನು ನೋಡಿಯೇ ಇಟ್ಟರೆಂದು ತೋರುವುದು.

ಮಣಲೇರನು ಕೆಳಲೆನಾಡಿನ ಬೆಳತೂರ ಬೆಟ್ಟದ ಬಳಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟನು. ಹಂದಿಯೂ ನಾಯಿಯೂ ಪರಸ್ಪರ ಹೋರಾಡಿ ಒಂದಿಗೇ ಸತ್ತುವು. ಆ ಹೋರಾಟದ ಚಿತ್ರವನ್ನು ಕೊರೆದ ಕಲ್ಲನ್ನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಟ್ಟುಕೊಟ್ಟರು. ಪೂಜೆ ಮಾಡುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಶಾಸನದಲ್ಲಿ ಬರೆದಿದೆ.