ಅಂಗಳ ಹೋಗಿ ಕಂಪೌಂಡ್ ಉಳಿಯಿತು

ನಮ್ಮ ಕಡೆ ಮನೆಗೆ ಯಾರೂ ಬೇಲಿ ಹಾಕಿಸುವುದಿಲ್ಲ. ಬೇಲಿ ಹೊಲಕ್ಕೆ, ಕಂಪೌಂಡ್ ಮನೆಗೆ. ‘ಕಳ್ಳ ಕಂಪೌಂಡ್ ಹಾರಿದ’, ‘ಮಳೆಗೆ ಕಂಪೌಂಡ್ ಬಿತ್ತು’ ಎಂದರೆ ಗೋಡೆಯೆಂದೇ ಅರ್ಥ. ಆದರೆ ಇಂಗ್ಲಿಷಿನಲ್ಲಿ ಈ ಮಾತು ಗೋಡೆಗೆ ಹುಟ್ಟಿದ್ದಲ್ಲ. ಮನೆಯ ಸುತ್ತ ಆವರಿಸಿಕೊಂಡ ಜಾಗಕ್ಕೆ ಹುಟ್ಟಿದ್ದು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಪದದ ಮೂಲದ ಬಗ್ಗೆ ದೊಡ್ಡ ಚರ್ಚೆಯೇ ಇದೆ. ಪೋರ್ಚುಗೀಸ್ ಮೂಲದ್ದೆನ್ನುವ ವಾದವನ್ನೂ ತೂಗಿ ನೋಡಿ, ಕೊನೆಗೆ ಅವರು ಒಲಿಯುವುದು ಮಲಯ ಭಾಷೆಯ ‘ಕಂಪೊಂಗ್’ ಕಡೆಗೆ. ಕಂಪೊಂಗ್ ಅಂದರೆ ಆವರಣ, ಕೇರಿ. ಈಗ ಮಲೇಶಿಯಾದಲ್ಲಿ ಹಳ್ಳಿ. ಹಡಗಿನ ವ್ಯಾಪಾರಿಗಳ ಬಾಯಲ್ಲಿ ಬಂದ ಈ ಮಾತು ಕನ್ನಡಕ್ಕೆ ದಾಟುವಷ್ಟರಲ್ಲಿ ಜಾಗವನ್ನು ಬಿಟ್ಟು ಗೋಡೆಯನ್ನು ಹಿಡಿದುಕೊಂಡಿತು.

ಬೇರೆ ಕಡೆ ಆದದ್ದು ಇದರ ಉಲ್ಟಾ. ಸಂಸ್ಕೃತದ ‘ವಾಟ’ ಎಂದರೆ ಬೇಲಿ, ಆವರಣ. ಅದರಿಂದಲೇ ಮರಾಠಿಯ ವಾಡಾ, ವಾಡಿ. ನಮ್ಮ ಟಿಳಕವಾಡಿಯೊಳಗೂ ಒಂದು ಬೇಲಿ ಅಡಗಿದೆ. ತಮಿಳಿನ ‘ವೇಲಿ’ ನಮ್ಮ ಬೇಲಿಯೇ, ಆದರೆ ತಂಜಾವೂರು ಸೀಮೆಯಲ್ಲಿ ಅದು ಆರು ಎಕರೆಗೂ ಮೀರಿದ ಭೂಮಿಯ ಅಳತೆ. ಜರ್ಮನ್ನರ ಬೇಲಿ ‘ತ್ಸೌನ್’, ಅದೇ ಬೇರಿನಿಂದ ಇಂಗ್ಲಿಷರ ‘ಟೌನ್’. ಅಲ್ಲೆಲ್ಲ ಬೇಲಿ ಬೆಳೆದು ನೆಲವಾಯಿತು, ಊರಾಯಿತು. ಇಲ್ಲಿ ಮಾತ್ರ ನೆಲ ಕುಗ್ಗಿ ಗೋಡೆಯಾಯಿತು. ಯಾಕೆ ಅನ್ನುವುದಕ್ಕೆ ಹಿಂಡಲಗಾದಿಂದ ಬೆಳಗಾವಿಯ ಕ್ಯಾಂಪಿನವರೆಗೆ ಒಮ್ಮೆ ನಡೆದು ನೋಡಿದರೆ ಸಾಕು.

1818ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಹಿಡಿದ ಮೇಲೆ ಇಲ್ಲಿ ದಂಡು ಬಂದು ನೆಲೆಸಿತು. ದಂಡಿನ ಜೊತೆಗೆ ಬಂಗಲೆಗಳು ಬಂದವು. ಕ್ಯಾಂಪಿನ ಹಳೆಯ ಬಂಗಲೆಗಳನ್ನು ನೋಡಿ: ರಸ್ತೆಗೆ ಎರಡು ದಪ್ಪ ಗೇಟಿನ ಕಂಬ, ಸೊಂಟದ ಮಟ್ಟದ ಗೋಡೆ ಅಥವಾ ಕತ್ತರಿಸಿದ ಗಿಡಗಳ ಸಾಲು, ಆಮೇಲೆ ಮರಗಳು, ಅವುಗಳ ಹಿಂದೆಲ್ಲೋ ಹಂಚಿನ ಮಾಡು. ಗೋಡೆ ಇಷ್ಟು ಗಿಡ್ಡ ಯಾಕೆ? ಸಾಹೇಬನನ್ನು ಕಾಯುತ್ತಿದ್ದದ್ದು ಗೋಡೆಯಲ್ಲ, ದೂರ. ಗೇಟಿನಿಂದ ವರಾಂಡದವರೆಗೆ ನಡೆದು ಹೋಗುವವನನ್ನು ಚೌಕೀದಾರ, ಮಾಲಿ, ನಾಯಿ ಎಲ್ಲರೂ ನೋಡುತ್ತಿದ್ದರು. ಅವನಿಗೆ ಆ ಜಾಗವೇ ಬೇಲಿ.

ಗಿಡದ ಬೇಲಿ ಸಾಧುವಾದದ್ದು ಅಂತಲ್ಲ. ಉಪ್ಪಿನ ಸುಂಕ ತಪ್ಪಿಸುವವರನ್ನು ತಡೆಯಲು ಇದೇ ಸರಕಾರ ಉತ್ತರ ಭಾರತಕ್ಕೆ ಅಡ್ಡಲಾಗಿ ನೂರಾರು ಮೈಲಿ ಮುಳ್ಳುಬೇಲಿ ಬೆಳೆಸಿತ್ತು. ಅದನ್ನು ಮುತುವರ್ಜಿಯಿಂದ ಬೆಳೆಸಿದ ಅಧಿಕಾರಿಗಳಲ್ಲಿ ಒಬ್ಬ ಎ.ಓ. ಹ್ಯೂಮ್. 1879ರಲ್ಲಿ ಆ ಸುಂಕದ ಗಡಿಯನ್ನು ಕೈಬಿಟ್ಟರು. 1885ರಲ್ಲಿ ಅದೇ ಹ್ಯೂಮ್ ಕಾಂಗ್ರೆಸ್ ಹುಟ್ಟುಹಾಕುವುದರಲ್ಲಿ ಮುಂದಾದ. ಆ ಕಾಂಗ್ರೆಸ್ಸಿಗೆ ಗಾಂಧೀಜಿ ಅಧ್ಯಕ್ಷರಾದದ್ದು ಒಂದೇ ಸಲ, 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಆರು ವರ್ಷಕ್ಕೆ ಅವರು ಅದೇ ಉಪ್ಪು ಹಿಡಿದು ಎದ್ದು ನಿಂತರು. ಆ ಚಳವಳಿಗಳಲ್ಲಿ ಸೆರೆಯಾದ ಎಷ್ಟೋ ಜನ ಕನ್ನಡಿಗರು ಹಿಂಡಲಗಾ ಜೈಲಿನ ಗೋಡೆಯನ್ನು ಒಳಗಿನಿಂದ ನೋಡಿದರು. ಹೊರಗಿನವರಿಗೆ ಇವತ್ತಿಗೂ ನಮ್ಮೂರಿನ ಹೆಸರು ಹೇಳಿದರೆ ನೆನಪಾಗುವುದು ಆ ಗೋಡೆಯೇ. ಜೊತೆಗೆ ಇಲ್ಲಿ ಗಣಪತಿಯೂ ಇದ್ದಾನೆ ಅಂತ ನಾವೇ ನೆನಪಿಸಬೇಕು.

ಬಂಗಲೆ ಬರುವ ಮೊದಲು ಇಲ್ಲಿ ಎರಡು ಬಗೆಯ ಮನೆಗಳಿದ್ದವು. ಉಳ್ಳವರ ವಾಡೆಗೆ ಮನೆಯ ಗೋಡೆಯೇ ಕೋಟೆ. ಅಂಗಳ ಒಳಗೆ, ಚೌಕದಲ್ಲಿ. ಮುಂದೆ ಬೇಲಿಯ ಮಾತೇ ಇಲ್ಲ. ಒಕ್ಕಲುಮನೆಗೆ ಹಿತ್ತಿಲಲ್ಲಿ ದನ ಎಮ್ಮೆ ನುಗ್ಗದ ಹಾಗೆ ಮುಳ್ಳೋ ಕಳ್ಳಿಯೋ ಇರುತ್ತಿತ್ತು. ಮುಂದೆ ಕಟ್ಟೆ, ಕಟ್ಟೆಯ ಮುಂದೆ ಸಾರಿಸಿದ ಅಂಗಳ, ಅಂಗಳದ ಮುಂದೆ ಓಣಿ. ಅಂಗಳ ಎಲ್ಲಿ ಮುಗಿಯಿತು, ಓಣಿ ಎಲ್ಲಿ ಶುರುವಾಯಿತು ಅನ್ನುವುದನ್ನು ರಂಗೋಲಿ ಹೇಳಬೇಕು.

ಈಗಿನ ಲೇಔಟುಗಳಲ್ಲಿ ಈ ಮೂರೂ ಇಲ್ಲ. 30×40ರ ಸೈಟಿನಲ್ಲಿ ಮನೆಗೂ ರಸ್ತೆಗೂ ನಡುವೆ ಉಳಿಯುವುದು ನಾಲ್ಕೈದು ಫೂಟು. ಬಂಗಲೆಯವನ ದೂರ ಸಿಗದಿದ್ದಾಗ ಅದರ ಬದಲಿಗೆ ಎತ್ತರ ಬಂತು. ಆರು ಫೂಟು ಗೋಡೆ, ಅದಕ್ಕೆ ಗ್ರಾನೈಟ್ ತುಂಡು, ಮೇಲೆ ಗಾಜಿನ ಚೂರು. ಕೆಳಗಿನ ಕೋಣೆಗೆ ಬೆಳಕಿಲ್ಲ, ಹಗಲಲ್ಲೇ ದೀಪ. ಹೀಗೆ ಜಾಗ ಮಾಯವಾಯಿತು, ಅದರ ಹೆಸರು ಗೋಡೆಗೆ ಅಂಟಿಕೊಂಡಿತು.

ಇದೆಲ್ಲ ಓದಿಕೊಳ್ಳುವ ಗರಜು ನನಗೆ ಬಿದ್ದದ್ದು ನಮ್ಮ ಮನೆಯಿಂದ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಕಟ್ಟೆ. ರಸ್ತೆ ಅಗಲವಾಗಿ ಅಂಗಳದ ಅರ್ಧ ಹೋಯಿತು; ಉಳಿದದ್ದು ಎಂಟು ಫೂಟು. ಲಾರಿಗಳ ಧೂಳು ಪಡಸಾಲೆಗೇ ಬರುತ್ತದೆ. ಹಗಲು ಅವ್ವ ಒಬ್ಬಳೇ ಇರುತ್ತಾಳೆಂದು ಬೆಂಗಳೂರಿನಲ್ಲಿರುವ ತಮ್ಮನ ಹಟ, ಗೋಡೆ ಎತ್ತರವೇ ಇರಬೇಕು, ದುಡ್ಡು ತಾನು ಕೊಡುತ್ತೇನೆ ಅಂತ. ಗೌಂಡಿಯೂ ಅವನ ಪಕ್ಷ. “ಈಗ ಎಲ್ಲಾರೂ ಆರ್ ಫೂಟನ್ನ ಮಾಡಸ್ತಾರ್ರಿ ಸರ.”

ಅವ್ವ ಕಟ್ಟೆ ಬಿಟ್ಟು ಏಳಲಿಲ್ಲ. “ಅಷ್ಟ್ ಎತ್ತರ ಎಬ್ಬಿಸಿದ್ರ ನಾ ಏನ್ ಗ್ವಾಡಿ ಕೂಡ ಮಾತಾಡ್ಲ್ಯಾ?”

ಅದು ಬರೀ ಬೇಜಾರಿನ ಮಾತಲ್ಲ. ಎದುರುಮನೆಯ ಮಾವಶಿ ದಿನಾ ಮಧ್ಯಾಹ್ನ ರಸ್ತೆಯಾಚೆಯಿಂದ “ಜೇವಣ ಝಾಲಂ ಕಾ?” ಅನ್ನುತ್ತಾಳೆ. ಅವ್ವ ಈಚೆಯಿಂದ “ಆತವಾ, ನಿಂದು?” ಅನ್ನುತ್ತಾಳೆ. ಗಡಿಯ ಜಗಳಕ್ಕೆ ಹೆಸರಾದ ಜಿಲ್ಲೆಯಲ್ಲಿ ಈ ಎರಡು ಭಾಷೆಯ ಮಾತು ನಿಲ್ಲದೆ ನಡೆದಿದೆ. ಒಂದು ದಿನ ಉತ್ತರ ಬರದಿದ್ದರೆ ಮಾವಶಿ ದಾಟಿ ಬರುತ್ತಾಳೆ. ತಮ್ಮ ಕೊಡಿಸಬೇಕೆಂದಿರುವ ಭದ್ರತೆ ಇದಕ್ಕಿಂತ ದೊಡ್ಡದೇನೂ ಅಲ್ಲ. ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳೇ ಎಂದು ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ವಾದಿಸಿದಳು. ಎತ್ತರದ ಗೋಡೆ ಹಾರಿ ಒಳಗಿಳಿದ ಕಳ್ಳನಿಗೆ ಆಮೇಲೆ ಯಾರ ಕಣ್ಣೂ ಇಲ್ಲ ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಒಪ್ಪಿದ್ದು ಅರ್ಧ. ಗೇಟಿಗೆ ದೀಪ, ಬಾಗಿಲಿಗೆ ಹೊಸ ಚಿಲಕ ಎಂಬ ಷರತ್ತು ಹಾಕಿದ.

ಹಾಗಾಗಿ ಎರಡೂವರೆ ಫೂಟು ಗೋಡೆ, ಕಟ್ಟೆಯ ಮೇಲೆ ಕೂತವಳ ಕಣ್ಣಿಗಿಂತ ಕೆಳಗೆ. ಕಲ್ಲು ಮನೆಯದೇ ಜಾತಿಯದು, ಜಂಬಿಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಬುಕಾನನ್, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ. ನಮ್ಮವರು ಹೆಸರಿನಲ್ಲೇ ಇಟ್ಟಿಗೆ ಅಂದಿದ್ದಾರೆ. ಗಿಲಾಯ ಬೇಡ, ಸಂದು ಮಾತ್ರ ತುಂಬಿ ಅಂದೆ, ಕಲ್ಲು ಉಸಿರಾಡಬೇಕು. ಆದರೆ ನಮ್ಮ ಮಳೆ ಗೋಡೆಯ ನೆತ್ತಿಯಿಂದ ಇಳಿಯುತ್ತದೆ. ಅದಕ್ಕೆ ಮಾಡಿನಿಂದ ಇಳಿಸಿಟ್ಟ ಹಳೆಯ ಹಂಚುಗಳನ್ನೇ ಓರೆಯಾಗಿ ಹೊದಿಸಿದೆವು. ಕಡಿಮೆ ಬಿದ್ದದ್ದನ್ನು ಖಾನಾಪುರದ ಕಡೆಯಿಂದ ತಂದೆವು. ಅಂಗಳದ ನೀರು ಹೋಗಲು ಬುಡದಲ್ಲಿ ನಾಲ್ಕು ತೂತು.

ಧೂಳಿಗೆ ಗೋಡೆಯ ಒಳಗಡೆ ದಾಸವಾಳದ ಸಾಲು ಹಚ್ಚಿದ್ದೇನೆ. ಎದೆಮಟ್ಟ ಬಂದ ಮೇಲೆ ಕತ್ತರಿಸಬೇಕು, ಇಲ್ಲದಿದ್ದರೆ ಅದೂ ಆರು ಫೂಟು ಏರೀತು. ಬೆಳಿಗ್ಗೆ ಗಣಪತಿಗೆ ಹೋಗುವವರು ಕೈ ಚಾಚಿ ಹೂ ಕೀಳುತ್ತಾರೆ ಎಂದು ಗೌಂಡಿ ಎಚ್ಚರಿಸಿದ. ಅವ್ವ ಅದಾಗಲೇ ಲೆಕ್ಕ ಹಾಕಿದ್ದಳು. ರಸ್ತೆಯ ಕಡೆಗೆ ಕೆಂಪು ದಾಸವಾಳ ಇರಲಿ, ಮನೆ ಪೂಜೆಗೆ ಬೇಕಾದದ್ದು ಬಾವಿಯ ಕಡೆಗೆ ಅಂದಳು.